ಕಳ್ಳ ಕುಬಸಕ್ಕೆ ಬಿಟ್ಟ ಎರಡು ಬೆರಳು ಬಟ್ಟೆ

ಬಸುರಿಗೆ ಕುಬಸ ಹೊಲಿಯುವಾಗ ಎರಡೂ ಪಕ್ಕೆಯಲ್ಲಿ, ಒಳಗಡೆ, ಎರಡು ಬೆರಳಿನಷ್ಟು ಬಟ್ಟೆ ಮಡಚಿ ಬಿಡಬೇಕು. ತಿಂಗಳು ಏರಿದಂತೆ ಮೈ ತುಂಬುತ್ತದೆ. ಆಗ ಒಂದು ಹೊಲಿಗೆ ಬಿಚ್ಚಿದರೆ ಕುಬಸ ಸಡಿಲಾಗುತ್ತದೆ. ಇನ್ನೆರಡು ತಿಂಗಳಿಗೆ ಇನ್ನೊಂದು ಬಿಚ್ಚಿದರಾಯಿತು. ಇದನ್ನು ನನಗೆ ಕಲಿಸಿದ್ದು ನಮ್ಮವ್ವ ಅಲ್ಲ, ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಹೇಳಿಕೊಡುತ್ತಿದ್ದ ಸಿಸ್ಟರ್. ಬಸುರಿಯ ಕುಬಸ ಅಂದರೆ ಏನೆಂದು ಅವರಿಗೆ ಎಲ್ಲಿ ಗೊತ್ತು? "ಆಲ್ವೇಸ್ ಲೀವ್ ಅನ್ ಅಲವನ್ಸ್, ಗರ್ಲ್ಸ್. ಬಾಡೀಸ್ ಚೇಂಜ್" ಅನ್ನುತ್ತಿದ್ದರು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಬಾಡಿ ಅನ್ನುವ ಶಬ್ದವೇ ಆಗ ನಗು ತರಿಸುತ್ತಿತ್ತು.

ನನ್ನ ತಂಗಿಯ ಮಗಳಿಗೆ ನಾನು ಈ ಕೆಲವು ವರ್ಷಗಳಲ್ಲಿ ಮೂರು ಹಸಿರು ಕುಬಸ ಹೊಲಿದೆ. ಮೂರರಲ್ಲೂ ಒಳಗೆ ಬಿಟ್ಟ ಬಟ್ಟೆ ಬಸುರಿಗಾಗಿ ಬಿಚ್ಚುವಂತಾಗಲಿಲ್ಲ.

ನಮ್ಮ ಕಡೆ ಏಳನೇ ತಿಂಗಳಿಗೆ ಊರಿಗೆಲ್ಲ ಹೇಳಿ ಮಾಡುವ ಕುಬಸದ ಕಾರ್ಯ ಒಂದಿದೆ. ಅದು ದೊಡ್ಡದು, ಫೋಟೋದವರು ಬರುತ್ತಾರೆ. ಅದಕ್ಕೂ ಮೊದಲು, ಮೂರು ತುಂಬಿ ನಾಲ್ಕಕ್ಕೆ ಬಿದ್ದಾಗ, ಹೊರಗಿನವರಿಗೆ ಇನ್ನೂ ಗೊತ್ತಾಗುವ ಮುಂಚೆ, ತವರಿನವರು ಹಸಿರು ಸೀರೆ, ಹಸಿರು ಕುಬಸ, ಹಸಿರು ಬಳೆಗಳನ್ನು ಚೀಲದಲ್ಲಿ ಮುಚ್ಚಿಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಹುಡುಗಿಯ ಉಡಿ ತುಂಬಿ ಬರುತ್ತಾರೆ. ಅದು ಕಳ್ಳ ಕುಬಸ. ಯಾರ ಕಣ್ಣೂ ತಾಗದಿರಲಿ ಅಂತ ಕದ್ದು ಮಾಡುವುದು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು ಹಾಕುವ ಕೈ ಮುತ್ತೈದೆಯದಾಗಿರಬೇಕು, ಮಕ್ಕಳನ್ನು ಹೆತ್ತವಳದಾಗಿರಬೇಕು. ನಾನು ಎರಡೂ ಅಲ್ಲ. ಹೊಲಿಯುವುದಕ್ಕೆ ಮಾತ್ರ ನನ್ನ ಕೈ ನಡೆಯುತ್ತದೆ.

ತಂಗಿ ತೀರಿಹೋಗಿ ಬಹಳ ವರ್ಷಗಳಾದವು. ಹೀಗಾಗಿ ರಾಯಚೂರಿನ ನನ್ನ ಎರಡು ಕೋಣೆಯ ಮನೆಯೇ ಆ ಹುಡುಗಿಗೆ ತವರು. ಹುಡುಗಿ ಅಂತೇನೆ, ಆಕೆಗೀಗ ಮೂವತ್ತಾರು. ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಗಂಡನದು ಅಲ್ಲೇ ಬೀಜ-ಗೊಬ್ಬರದ ಅಂಗಡಿ. ಸಾಧು ಮನುಷ್ಯ, ಮಾತು ಕಡಿಮೆ.

ನನ್ನದೂ ಇಲ್ಲೇ ಹೇಳಿಬಿಡಬೇಕು. ಎಪ್ಪತ್ತು ದಾಟಿದ್ದೇನೆ. ಇಪ್ಪತ್ತೆರಡಕ್ಕೆ ಮಾನ್ವಿಯ ರೈಸ್‌ಮಿಲ್ಲಿನವರ ಮನೆಗೆ ಮದುವೆಯಾಗಿ ಹೋದವಳು. ಎಂಟು ವರ್ಷ ಇದ್ದೆ. ನಾಲ್ಕು ಸಲ ಬಸುರಾದೆ, ನಾಲ್ಕೂ ಐದನೇ ತಿಂಗಳು ದಾಟಲಿಲ್ಲ. ಆಮೇಲೆ ಅವರು ಇನ್ನೊಬ್ಬಾಕೆಯನ್ನು ಮಾಡಿಕೊಂಡರು. ನಾನು ರಾಯಚೂರಿಗೆ ವಾಪಸು ಬಂದು, ನಾನು ಕಲಿತ ಕಾನ್ವೆಂಟಿನಲ್ಲೇ ಇಂಗ್ಲಿಷ್ ಹೇಳುತ್ತ ರಿಟೈರ್ ಆದೆ. ಅವರು ತೀರಿಕೊಂಡ ದಿನ ಮಾನ್ವಿಯಲ್ಲಿ ಆಕೆಯ ಬಳೆ ತೆಗೆದರು, ಇಲ್ಲಿ ನನ್ನ ಬಳೆ ನಾನೇ ತೆಗೆದಿಟ್ಟೆ. ದಟ್ಸ್ ಆಲ್. ಇದಕ್ಕಿಂತ ಹೆಚ್ಚು ಇದರ ಬಗ್ಗೆ ನಾನು ಯಾರ ಮುಂದೆಯೂ ಹೇಳಿದವಳಲ್ಲ, ತಂಗಿಯ ಮಗಳ ಮುಂದೆಯೂ. ಆಕೆಗೆ ಗೊತ್ತಿದ್ದದ್ದು ಇಷ್ಟೇ: ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಅನ್ನುವುದಕ್ಕೂ ಉಳಿಯಲಿಲ್ಲ ಅನ್ನುವುದಕ್ಕೂ ಎಷ್ಟು ಅಂತರವಿದೆ ಅಂತ ಮನೆಯಲ್ಲಿ ಯಾರೂ ಆಕೆಗೆ ಹೇಳಿರಲಿಲ್ಲ.

ಆಕೆಗೆ ಮೊದಲನೆಯದು ಹೋದಾಗ ದೇವದುರ್ಗದ ಡಾಕ್ಟರು ಮೊದಲನೆಯದು ಹೀಗಾಗುತ್ತದೆ ಅಂದರು. ನಾವೂ ಹಾಗೇ ಅಂದೆವು. ಎರಡನೆಯದು ನಾಲ್ಕು ತುಂಬುವ ಹೊತ್ತಿಗೆ ಹೋಯಿತು. ಎರಡು ಸಲವೂ ಪಕ್ಕದ ಮನೆಯಾಕೆಯನ್ನು ಕರೆದುಕೊಂಡು ದೇವದುರ್ಗಕ್ಕೆ ಹೋಗಿ ಕಳ್ಳ ಕುಬಸ ಮಾಡಿದ್ದೆ. ಪಕ್ಕದ ಮನೆಯಾಕೆ ನಾಲ್ಕು ಮಕ್ಕಳ ತಾಯಿ, ಉಡಿ ತುಂಬುವುದು ಆಕೆ, ನಾನು ಬಾಗಿಲ ಹತ್ತಿರ ನಿಂತು ನೋಡುವವಳು.

ಎರಡನೆಯದರ ನಂತರ ಹುಡುಗಿ ರಾಯಚೂರಿಗೆ ಬಂದಳು. ಇಲ್ಲಿ ಒಬ್ಬ ಲೇಡಿ ಡಾಕ್ಟರು ಗರ್ಭಕೋಶಕ್ಕೆ ಔಷಧದ ನೀರು ಬಿಟ್ಟು ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಕಪ್ಪಿನ ನಡುವೆ ಬಲಕ್ಕೆ ಬಾಗಿದ ಬೆಳ್ಳಗಿನ ಒಂದು ಹಸಿಮೆಣಸಿನಕಾಯಿ.

"ನಾರ್ಮಲ್ ಇದ್ದರೆ ಇದು ತಲೆಕೆಳಗಾದ ತ್ರಿಕೋನ ಇರಬೇಕಮ್ಮ. ಹುಟ್ಟೋಕೆ ಮುಂಚೆ ಎರಡು ಅರ್ಧ ಕೂಡಿ ಒಂದಾಗುತ್ತೆ. ನಿಮ್ಮಲ್ಲಿ ಬಲಗಡೆ ಅರ್ಧ ಅಷ್ಟೇ ಬೆಳೆದಿದೆ. ಈ ಕಡೆ ಮೂಲೆನೇ ಇಲ್ಲ" ಅಂದರು ಡಾಕ್ಟರು.

ಹುಡುಗಿ ಫಿಲ್ಮನ್ನೇ ನೋಡುತ್ತಿದ್ದಳು. "ಮೂಲಿ ಇಲ್ಲಂದ್ರ ಅದು ತ್ರಿಕೋನ ಹೆಂಗಾಗ್ತದ ಬಿಡ್ರಿ ಮೇಡಂ. ನಮ್ಮ ಎಂಟನೇತ್ತ ಹುಡುಗ್ರಿಗೂ ಗೊತ್ತದ" ಅಂದಳು. ಡಾಕ್ಟರು ನಕ್ಕರು, ಆಕೆಯೂ ನಕ್ಕಳು. ನಾನು ಮಾತ್ರ ನಗಲಿಲ್ಲ.

"ಆಪರೇಷನ್ ಮಾಡಿ ದೊಡ್ಡದು ಮಾಡಾಕ ಬರೂದಿಲ್ಲೇನ್ರಿ?" ಅಂತ ಕೇಳಿದಳು ಹುಡುಗಿ.

"ಮಧ್ಯೆ ಗೋಡೆ ಇರೋ ಕೇಸಾದರೆ ತೆಗೀಬಹುದಿತ್ತು. ಇಲ್ಲದೇ ಇರೋದನ್ನ ಎಲ್ಲಿಂದ ತರೋದು? ಗರ್ಭ ನಿಲ್ಲೋದೇ ಇಲ್ಲ ಅಂತ ನಾನು ಹೇಳಲ್ಲ. ಇಂಥದ್ದರಲ್ಲಿ ಹೆತ್ತವರೂ ಇದ್ದಾರೆ. ಆದರೆ ಜಾಗ ಕಡಿಮೆ, ರಿಸ್ಕ್ ಜಾಸ್ತಿ."

ಆಮೇಲೆ ಅವರು ಇನ್ನೊಂದು ಚೀಟಿ ಬರೆದರು. ಇಂಥವರಲ್ಲಿ ಎಷ್ಟೋ ಸಲ ಅದೇ ಕಡೆಯ ಕಿಡ್ನಿಯೂ ಇರುವುದಿಲ್ಲ, ಒಂದು ಸ್ಕ್ಯಾನ್ ಮಾಡಿಸಿಬಿಡಿ ಅಂದರು. ಪಕ್ಕದ ರೂಮಿನಲ್ಲೇ ಸ್ಕ್ಯಾನ್ ಆಯಿತು. ಎಡಗಡೆ ಕಿಡ್ನಿ ಇರಲಿಲ್ಲ. ತೊಂದರೆ ಏನಿಲ್ಲ, ಒಂದರಲ್ಲೇ ನೂರು ವರ್ಷ ಬದುಕುತ್ತಾರೆ ಅಂತ ಹೇಳಿ, ಡಾಕ್ಟರು ಪೆನ್ನು ತೆಗೆದುಕೊಂಡು, ತಲೆ ಎತ್ತದೆಯೇ ಕೇಳಿದರು: "ಫ್ಯಾಮಿಲಿಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ? ಸಾಮಾನ್ಯವಾಗಿ ಇರಲ್ಲ, ಆದರೂ ಬರ್ಕೋಬೇಕು. ತಾಯಿ, ಅಜ್ಜಿ, ದೊಡ್ಡಮ್ಮ?"

"ಇಲ್ಲ" ಅಂದೆ ನಾನು.

ಆಕೆಯೂ ನನ್ನ ಮುಖ ನೋಡಿ, "ಇಲ್ರಿ ಮೇಡಂ" ಅಂದಳು.

ರಿಟೈರ್ ಆದ ಹೊಸದರಲ್ಲಿ ನನಗೆ ಬೆನ್ನಿನ ಕೆಳಗೆ ನೋವು ಬಂದು ಸ್ಕ್ಯಾನ್ ಮಾಡಿಸಿದ್ದರು. ಸಣ್ಣ ಕಲ್ಲು. ಸ್ಕ್ಯಾನ್ ಮಾಡಿದ ಹುಡುಗಿ, "ಅಮ್ಮಾ, ನಿಮ್ಗ ಎಡಕಿನ ಕಿಡ್ನಿ ಹುಟ್ಟಿದಾಗಿಂದs ಇಲ್ಲ, ಗೊತ್ತದೇನ್ರಿ?" ಅಂದಿದ್ದಳು. ಗೊತ್ತಿರಲಿಲ್ಲ. ಹಳೆಯ ಸ್ಟಾಫ್‌ರೂಮಿನ ಗೆಳತಿಯರಿಗೆ ಅದನ್ನೇ ಜೋಕ್ ಮಾಡಿ ಹೇಳಿದ್ದೆ, ನನ್ನನ್ನು ಮಾಡುವಾಗ ಗಾಡ್ ಎಕಾನಮಿ ಡ್ರೈವ್ ನಡೆಸಿದ್ದ ಅಂತ. ಎಲ್ಲರೂ ಚಹಾ ಚೆಲ್ಲುವಂತೆ ನಕ್ಕಿದ್ದರು.

ಅದಕ್ಕೂ ಬಹಳ ಹಿಂದೆ, ಮಾನ್ವಿಯಲ್ಲಿ, ನನಗೆ ನಾಲ್ಕನೆಯದು ನಿಂತಾಗ ಅತ್ತೆ ಕುರ್ಡಿಯಿಂದ ಒಬ್ಬ ಸೂಲಗಿತ್ತಿಯನ್ನು ಕರೆಸಿದ್ದರು. ಎಣ್ಣೆ ಹಚ್ಚಿದ ಕೈಯಿಂದ ಹೊಟ್ಟೆ ನೀವುತ್ತ, ಕಣ್ಣು ಮುಚ್ಚಿಕೊಂಡು, ಬೆರಳುಗಳಿಂದಲೇ ಏನನ್ನೋ ಹುಡುಕಿದಳು.

"ಈ ಮಗಳ ಹೊಟ್ಟಿ ಬಲಕ್ಕs ಕಟ್ಟತದ ಯವ್ವಾ. ಎಡಗಡಿ ಬರೇ ಖಾಲಿ. ಅಲ್ಲಿ ಮನೀನs ಇಲ್ಲ" ಅಂದಳು ಅತ್ತೆಗೆ.

ನಾನು ಆಗ ಇಪ್ಪತ್ತೊಂಬತ್ತರ ಕಾನ್ವೆಂಟ್ ಹುಡುಗಿ. ಬಯಾಲಜಿಯಲ್ಲಿ ಗರ್ಭಕೋಶದ ಚಿತ್ರ ಬರೆದು ಲೇಬಲ್ ಮಾಡಿದವಳು. ಪೇರಲಹಣ್ಣಿನ ಆಕಾರ, ಎರಡೂ ಕಡೆ ಸಮ, ಫುಲ್ ಮಾರ್ಕ್ಸ್. ಆಕೆಯ ಮುಂದೆಯೇ ನಕ್ಕೆ. "ಯುಟರಸ್ ನಡುವೆ ಇರತದ, ಎಡಕ್ಕ ಬಲಕ್ಕ ಅಂತ ಇರೂದಿಲ್ಲ" ಅಂದೆ. ಸೂಲಗಿತ್ತಿ ಕೈ ಒರೆಸಿಕೊಂಡು, "ಇರಬೌದು ಬಿಡವ್ವಾ. ನೀವು ಓದಿದೋರು, ನಾವು ಮುಟ್ಟಿದೋರು" ಅಂತ ಎದ್ದು ಹೋದಳು. ಇಪ್ಪತ್ತು ದಿನದಲ್ಲಿ ನಾಲ್ಕನೆಯದೂ ಹೋಯಿತು.

ಡಾಕ್ಟರ ಎದುರಿನ ಆ ಸ್ಟೀಲ್ ಕುರ್ಚಿಯಲ್ಲಿ ಕೂತಾಗ ಇದೆಲ್ಲ ಒಟ್ಟಿಗೇ ಬಂತು. ಅದುವರೆಗೆ ನಲವತ್ತು ವರ್ಷ ನಾನು ಬೇರೆ ಬೇರೆ ಕಾರಣ ಹುಡುಕಿಕೊಂಡಿದ್ದೆ. ಮಿಲ್ಲಿನ ಧೂಳು. ಮೂಟೆ ಎಣಿಸುವಾಗ ಮೆಟ್ಟಿಲು ಹತ್ತಿದ್ದು. ಅವರೊಂದಿಗೆ ಜಗಳವಾಡಿದ ದಿನಗಳು. ಅತ್ತೆಯ ಶಾಪ, ಅದನ್ನು ನಂಬದಿದ್ದ ನನ್ನ ಹಟ. ಎಲ್ಲಕ್ಕೂ ಉತ್ತರ ಒಂದು ಕಪ್ಪು ಫಿಲ್ಮಿನಲ್ಲಿ, ಇನ್ನೊಬ್ಬಳ ಹೆಸರಿನಲ್ಲಿ ಸಿಕ್ಕಿತು.

ಆದರೂ ಇಲ್ಲ ಅಂದೆ. ಯಾಕೆ ಅಂತ ಎಷ್ಟು ಸಲ ಕೇಳಿಕೊಂಡಿದ್ದೇನೆ. ಹೌದು ಅಂದಿದ್ದರೆ ಡಾಕ್ಟರ ಮುಂದಿನ ಪ್ರಶ್ನೆ, ಎಷ್ಟು ಸಲ, ಎಷ್ಟು ತಿಂಗಳು, ಕೊನೆಗೆ ಏನಾಯಿತು? ಆ ಉತ್ತರ ಅವಳ ಎದುರಿಗೇ ಹೇಳಬೇಕಿತ್ತು. ಹೆತ್ತವರೂ ಇದ್ದಾರೆ ಅಂತ ಡಾಕ್ಟರು ಆಗ ತಾನೇ ಹೇಳಿದ್ದರು. ಆಕೆ ಆ ಮಾತನ್ನು ಹಿಡಿದುಕೊಂಡು ಕೂತಿದ್ದಳು. ಹೆರದವಳು ಪಕ್ಕದಲ್ಲೇ ಇದ್ದಾಳೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಟು ಬಿ ಫೇರ್, ಅದು ಕರುಣೆಯೂ ಹೌದು, ಕವರ್ಡಿಸ್ ಕೂಡ ಹೌದು. ಯಾವುದು ಎಷ್ಟು ಅಂತ ಬೇರ್ಪಡಿಸುವುದು ನನ್ನಿಂದ ಆಗಿಲ್ಲ.

ದೇವದುರ್ಗಕ್ಕೆ ಹೋಗಿ ಆಕೆಯ ಅತ್ತೆಗೆ ತಿಳಿಸಿ ಹೇಳುವ ಕೆಲಸ ನನ್ನದಾಯಿತು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಆಕೆ ಹಳೆಯ ಸೀರೆಗಳನ್ನು ಹರಿದು ಹಾಕಿಕೊಂಡು ಕೌದಿ ಹೊಲಿಯುತ್ತ ಕೂತಿದ್ದರು. ಸಣ್ಣ ಕೌದಿ, ಕೂಸಿಗೆ. ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ, ಬ್ಲ್ಯಾಕ್‌ಬೋರ್ಡಿನ ಮುಂದೆ ನಿಂತವಳ ಹಾಗೆ.

"ಅರ್ಧಾ ಅಂದ್ರ?" ಅಂದರು. "ಲಗ್ನದಾಗ ಪೂರಾ ಹುಡುಗೀನs ಕೊಟ್ಟಂಗಿತ್ತಲ್ರೀ ಬೀಗ್ರ?"

"ಅದು ಯಾರಿಗೂ ಕಾಣೂದಲ್ರಿ. ಆಕಿಗೂ ಗೊತ್ತಿದ್ದಿಲ್ಲ."

"ನನಗ ಸಿಟ್ಟಿಲ್ಲ ಬಿಡ್ರಿ. ನಮ್ಮ ಮಗನೂ ಪೂರಾ ಎಲ್ಲಿದ್ದಾನ? ಅರ್ಧಾ ಮಾತಾಡತಾನ, ಅರ್ಧಾ ನುಂಗತಾನ." ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ನಾನು ಬರೆದ ಚಿತ್ರವನ್ನು ಮತ್ತೆ ನೋಡಿದರು. "ಸಣ್ಣ ಮನ್ಯಾಗ ಮಂದಿ ಬಾಳೇ ಮಾಡೂದಿಲ್ಲೇನು? ಆಗ್ತದ ಬಿಡ್ರಿ." ಮರುವಾರ ಸೊಸೆಯನ್ನು ಗೂಗಲ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋಗಿ, ಹೊಳೆಯಲ್ಲಿ ಕಾಲು ತೊಳೆಸಿ, ಅಲ್ಲಮಪ್ರಭುವಿನ ಗುಡಿಯಲ್ಲಿ ಕೂರಿಸಿಕೊಂಡು ಬಂದರು. ಆ ಹೆಂಗಸಿನ ಮೇಲೆ ನನಗೆ ಅಂದಿನಿಂದ ಗೌರವ. ನನ್ನ ಅತ್ತೆಗೆ ಆಕೆಯ ಅರ್ಧದಷ್ಟು ನಗು ಬರುತ್ತಿದ್ದರೂ ಸಾಕಿತ್ತು.

ಮೂರನೆಯದು ಒಂದೂವರೆ ವರ್ಷ ಬಿಟ್ಟು ನಿಂತಿತು. ಡಾಕ್ಟರು ಈ ಸಲ ಗರ್ಭಕೋಶದ ಬಾಯಿಗೇ ಒಂದು ಹೊಲಿಗೆ ಹಾಕಿದರು. ವಾರವಾರ ಇಂಜೆಕ್ಷನ್. ಹಾಸಿಗೆ ಬಿಟ್ಟು ಏಳುವಂತಿಲ್ಲ. ಆಸ್ಪತ್ರೆ ಹತ್ತಿರ ಅಂತ ರಾಯಚೂರಿನ ನನ್ನ ಮನೆಗೇ ಬಂದಳು. ಆಕೆಯ ಮಂಚದ ಕಾಲ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದೆವು. ಅಲ್ಲೇ ಮಲಗಿ ಎಸ್ಸೆಸ್ಸೆಲ್ಸಿ ಮಕ್ಕಳ ಪೇಪರು ತಿದ್ದುತ್ತಿದ್ದಳು. ಕೆಂಪು ಇಂಕು ಮೇಲ್ಮುಖವಾಗಿ ಇಳಿಯುವುದಿಲ್ಲ ಅಂತ ಪೆನ್ಸಿಲ್ ಹಿಡಿದಿದ್ದಳು.

ಮೂರು ತುಂಬಿತು. ನಾನು ಮಾರ್ಕೆಟಿಗೆ ಹಸಿರು ಬಳೆ ತರಲು ಹೋದೆ. ಬಳೆ ಅಂಗಡಿಯ ಚಾಚಿ ನನ್ನನ್ನು ನೋಡಿದ್ದೇ, "ಫಿರ್ಸೆ ಹರೀ ಚೂಡಿಯಾಂ ಹೋನಾ ಕ್ಯಾ ಟೀಚರಮ್ಮಾ?" ಅಂದಳು. ಹೌದು, ಮತ್ತೆ ಹಸಿರು ಬಳೆಯೇ ಅಂದೆ. "ಈ ಸಲ ಒಂದು ನಂಬರ್ ದೊಡ್ಡದು ಒಯ್ರಿ. ಆರರಾಗ ಏಳರಾಗ ಕೈ ಊದತಾವ, ಆಮ್ಯಾಲ ಬಳಿ ಇಳಿಯೂದಿಲ್ಲಂತ ಅಳತಾವ ಹುಡುಗ್ಯಾರು." ನಾನು ಹಳೆಯ ನಂಬರನ್ನೇ ಕೊಡಿಸಿಕೊಂಡೆ. ಏಳನೇ ತಿಂಗಳಿನ ಕೈಗೆ ಈಗಲೇ ಬಳೆ ಕೊಳ್ಳುವ ಧೈರ್ಯ ನನಗಿರಲಿಲ್ಲ. ಆದರೆ ಕುಬಸದಲ್ಲಿ ಮಾತ್ರ ಎರಡು ಬೆರಳು ಬಿಟ್ಟೇ ಹೊಲಿದೆ. ಅದು ಕೈಗೆ ಬಂದ ಅಭ್ಯಾಸ.

ಆ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಬಾಗಿಲು ಮುಂದೆ ಮಾಡಿ, ತಟ್ಟೆ ಜೋಡಿಸಿ, ಪಕ್ಕದ ಮನೆಯಾಕೆಯನ್ನು ಕರೆಯಲು ಹೊರಟೆ.

"ಆಕೀನ್ನ ಕರೀಬ್ಯಾಡ ದೊಡ್ಡವ್ವ" ಅಂದಳು ಹುಡುಗಿ ಮಲಗಿದಲ್ಲಿಂದಲೇ.

"ಯಾಕ ಬೇ?"

"ಆಕೀ ಕೈಲೆ ಎರಡು ಸಲ ಆತು. ನಾಲ್ಕು ಹಡದ ಕೈ. ಏನಾತು? ಈ ಸಲ ನೀನs ತುಂಬು."

"ಹುಚ್ಚಿ ಏನ? ನಾ ತುಂಬಬಾರ್ದು."

"ಯಾರಂದಾರ? ನೀನs ಅಂತಿದ್ದಿ, ಇವೆಲ್ಲಾ ಸೂಪರ್‌ಸ್ಟಿಷನ್ ಅಂತ. ಕ್ಲಾಸಿನಾಗ ಮಕ್ಕಳಿಗಿ ಸ್ಪೆಲಿಂಗ್ ಬರಸ್ತಿದ್ದಿ. ಈಗೇನು, ಮಕ್ಕಳಿಗಷ್ಟs ಏನು ಅದು?"

ಗಣಿತದವಳ ಹಾಗೆ ಸಿಕ್ಕಿಸಿಬಿಟ್ಟಳು. ನಲವತ್ತು ವರ್ಷ ನಾನೇ ಹೇಳಿದ ಮಾತು. ಆದರೆ ತಟ್ಟೆ ಹಿಡಿದವಳು ನಾನು. ಬೊಟ್ಟಿಲ್ಲದ ಹಣೆ, ಬರಿಗೈ, ನಾಲ್ಕು ಸಲ ಖಾಲಿಯಾದ ಹೊಟ್ಟೆ. ಆ ನಾಲ್ಕು ಆಕೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತಲ್ಲ. ಗೊತ್ತಿದ್ದೂ ತುಂಬಿದೆ.

ಮಲಗಿದವಳ ಉಡಿ ತುಂಬುವುದು ಹೇಗೆ? ನಿಂತವಳಾದರೆ ಸೆರಗನ್ನು ಮುಂದೆ ಹಿಡಿಯುತ್ತಾಳೆ, ಹಾಕಿದ್ದು ಅದರಲ್ಲಿ ಕೂರುತ್ತದೆ. ಇಲ್ಲಿ ಸೆರಗನ್ನು ಹೊಟ್ಟೆಯ ಮೇಲೆ ಹಾಸಿ, ಐದು ಹಿಡಿ ಅಕ್ಕಿ ಹಾಕಿದೆ. ಕಾಲ ಕಡೆ ಎತ್ತರವಿದ್ದದ್ದರಿಂದ ಅಕ್ಕಿ ಎದೆಯ ಕಡೆಗೆ ಜಾರತೊಡಗಿತು. ನಾನು ಒಂದು ಕೈ ಒಡ್ಡು ಕಟ್ಟಿದ ಹಾಗೆ ಹಿಡಿದು, ಇನ್ನೊಂದು ಕೈಯಿಂದ ಕೊಬ್ಬರಿ, ಉತ್ತತ್ತಿ ಇಟ್ಟೆ. "ದೊಡ್ಡವ್ವ, ಕಚಗುಳಿ ಆಗಾಕತ್ತದ, ಲಗೂ ಮುಗಸು" ಅಂತ ನಕ್ಕಳು. ಆ ನಗುವಿಗೆ ಹೊಟ್ಟೆ ಅಲುಗಿ ನಾಲ್ಕು ಕಾಳು ಕಿವಿಯ ಹಿಂದೆ ಹೋಗಿ ಸೇರಿದವು. ಇಬ್ಬರೂ ನಕ್ಕೆವು. ನಾನು ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ಹೋಪ್ ಬಂದಿತ್ತು. ಪೂರ್ತಿ ಬಂದಿತ್ತು.

ಅದಾದ ಮೇಲೆ ಹೊಸ ಕುಬಸ ತೊಟ್ಟುಕೊಂಡೇ ಮಲಗುತ್ತಿದ್ದಳು. ಎರಡು ದಿನಕ್ಕೊಮ್ಮೆ ಒಗೆದು ಒಣಗಿಸಿ ಮತ್ತೆ ಅದನ್ನೇ. ನಾಲ್ಕು ತುಂಬಿತು. ಅಷ್ಟು ದಿನ ಹಿಂದೆ ಯಾವುದೂ ಬಂದಿರಲಿಲ್ಲ. ಕ್ಯಾಲೆಂಡರಿನಲ್ಲಿ ಆಕೆ ಏನೂ ಗುರುತು ಹಾಕಲು ಬಿಡಲಿಲ್ಲ.

ಐದನೇ ತಿಂಗಳಿನ ನಡುವೆ ಒಂದು ದಿನ ಬೆಳಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. "ದೊಡ್ಡವ್ವ" ಅಂದಳು. ಕೂಗಲಿಲ್ಲ. ಕ್ಲಾಸಿನಲ್ಲಿ ಹಾಜರಿ ಹೇಳುವ ದನಿಯಲ್ಲಿ ಅಂದಳು. ಹೋಗಿ ನೋಡಿದರೆ ಹಾಸಿಗೆಯೆಲ್ಲ ನೀರು.

ಆಸ್ಪತ್ರೆಯಲ್ಲಿ ಹಾಕಿದ ಹೊಲಿಗೆಯನ್ನು ಕತ್ತರಿಸಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಆಕೆಗೆ ಆಸ್ಪತ್ರೆಯ ಅಂಗಿ ತೊಡಿಸುವಾಗ ಬಿಚ್ಚಿದ ಹಸಿರು ಕುಬಸ ನನ್ನ ಕೈಯಲ್ಲಿತ್ತು. ನರ್ಸು ಬಂದು, "ಅಮ್ಮಾ, ಸುತ್ತಾಕ ಒಂದು ಬಟ್ಟಿ ಕೊಡ್ರಿ" ಅಂದಳು. ನಾನು ಹೆಗಲ ಮೇಲಿದ್ದ ಟವೆಲ್ ಕೊಟ್ಟೆ. ಕುಬಸ ಕೊಡಲಿಲ್ಲ. ಅದನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡೆ. ಯಾಕೆ ಗೊತ್ತೇ? ಮುಂದಿನ ಸಲಕ್ಕೆ ಬೇಕಾದೀತು ಅಂತ. ಆ ಹೊತ್ತಿನಲ್ಲೂ, ಆ ಬಾಗಿಲ ಮುಂದೆಯೂ, ನನಗೆ ಅದೇ ಬಂತು. ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಸಂಜೆ ದೇವದುರ್ಗದಿಂದ ಆಕೆಯ ಗಂಡ, ಅತ್ತೆ ಬಂದರು. ಗಂಡ ಒಳಗೆ ಹೋಗಿ ಆಕೆಯ ಪಾದದ ಹತ್ತಿರ ಕೂತ. ಅತ್ತೆ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಮೆಲ್ಲಗೆ ಕೇಳಿದರು:

"ಉಡಿ ಯಾರು ತುಂಬಿದ್ರು ಬೀಗ್ರ?"

"ನಾನು."

ಆಕೆ ನನ್ನ ಹಣೆ ನೋಡಿದರು, ಕೈ ನೋಡಿದರು. "ಇರ್ಲಿ ಬಿಡ್ರಿ" ಅಂದರು. ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಮೆಡಿಕಲಿ ಹೀಗೆ, ಸೈಂಟಿಫಿಕಲಿ ಹೀಗೆ ಅಂತ ಅರ್ಧ ಗಂಟೆ ಮಾತಾಡುತ್ತಿದ್ದೆ.

ಹುಡುಗಿಯನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದರು. ನಾನು ಇಟ್ಟಿಗೆ ತೆಗೆದು ಹಿತ್ತಲಿಗೆ ಹಾಕಿದೆ. ಮಂಚ ಸಮವಾಯಿತು. ಹಾಸಿಗೆ ಬಿಸಿಲಿಗೆ ಹಾಕಿ ಝಾಡಿಸಿದಾಗ ಎಂಟು-ಹತ್ತು ಅಕ್ಕಿಕಾಳು ಬಿದ್ದವು. ನನಗೆ ಗೊತ್ತಿದೆ, ಅರ್ಧ ಗರ್ಭಕೋಶಕ್ಕೆ ಯಾರ ಕೈಯ ಅಕ್ಕಿ ಆದರೂ ಒಂದೇ. ಅದನ್ನು ದಿನಕ್ಕೆ ಹತ್ತು ಸಲ ಹೇಳಿಕೊಂಡೆ. ಇಂಗ್ಲಿಷಿನಲ್ಲೂ ಹೇಳಿಕೊಂಡೆ, ಕನ್ನಡದಲ್ಲೂ ಹೇಳಿಕೊಂಡೆ. ಹೇಳಿಕೊಂಡಷ್ಟೂ ಆ ಬೆಂಚಿನ ಮೇಲಿನ ನೋಟ ನನ್ನ ಕೈಗೆ ಅಂಟಿಕೊಂಡೇ ಉಳಿಯಿತು. ಮಾರ್ಕೆಟಿಗೆ ಹೋದರೆ ಬಳೆ ಅಂಗಡಿಯ ಓಣಿ ಬಿಟ್ಟು ಸುತ್ತು ಹಾಕಿ ಬರುತ್ತಿದ್ದೆ.

ನಾಲ್ಕು ತಿಂಗಳ ಮೇಲೆ, ಒಂದು ಎರಡನೇ ಶನಿವಾರ, ಆಕೆ ಒಬ್ಬಳೇ ಬಸ್ಸಿಗೆ ಬಂದಳು. ಇಂಜೆಕ್ಷನ್ನುಗಳಿಂದ ಮೈ ಊದಿತ್ತು. ಊಟ ಆದ ಮೇಲೆ ನನ್ನ ಟ್ರಂಕು ತೆರೆದು, ಕೆಳಗಿಟ್ಟಿದ್ದ ಮೂರನೆಯ ಕುಬಸ ತೆಗೆದಳು. ಒಗೆದು ಒಗೆದು ಬಣ್ಣ ಸ್ವಲ್ಪ ಇಳಿದಿತ್ತು.

"ಇದು ಪಕ್ಕಿಗಿ ಬಿಗಿ ಆಗ್ತದ ಈಗ. ಬಿಚ್ಚಿ ಸಡಲ ಮಾಡಿ ಕೊಡು ದೊಡ್ಡವ್ವ. ಹಸರು ಕಾಟನ್ ಸೀರಿ ಒಂದದ, ಸಾಲಿಗಿ ಹಾಕ್ಕೊತೀನಿ."

"ಇದನ್ನ? ಸಾಲಿಗಿ?" ಅಂದೆ. "ಇಟ್ಟಿರಲಿ ಬೇ. ಮತ್ತ ಬೇಕಾದ್ರ?"

"ಬೇಕಾಗೂದಿಲ್ಲ."

ಹೀಗೆ ಹೇಳಿದಳು, ಅಷ್ಟೇ. ಗಂಡನಿಗೆ ಹೇಳಿದ್ದೇನೆ, ಅವರು ತಲೆಯಾಡಿಸಿದರು, ಅತ್ತೆಗೆ ಇನ್ನೂ ಹೇಳಿಲ್ಲ ಅಂದಳು. ದತ್ತು ತೆಗೆದುಕೊಳ್ಳುವ ಮಾತು ಎತ್ತಿದೆ. "ಈಗ ಅದನ್ನ ಮಾತಾಡಬ್ಯಾಡ" ಅಂದಳು. ನಾನು ಕತ್ತರಿ ತಂದು ಕಿಟಕಿಯ ಹತ್ತಿರ ಕೂತೆ. ಆಕೆಯ ಹೋಪ್ ಕಸಿಯಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದವಳಿಗೆ ಇನ್ನು ಮುಚ್ಚಿಕೊಳ್ಳಲು ಕಾರಣವೇ ಉಳಿದಿರಲಿಲ್ಲ. ಕುಬಸ ಒಳಹೊರಗು ಮಾಡಿ, ಕಣ್ಣು ಹೊಲಿಗೆಯ ಮೇಲೇ ಇಟ್ಟು ಹೇಳಿದೆ. ಕಿಡ್ನಿಯ ಸ್ಕ್ಯಾನು. ಕುರ್ಡಿಯ ಸೂಲಗಿತ್ತಿ. ಡಾಕ್ಟರಿಗೆ ನಾನು ಹೇಳಿದ ಸುಳ್ಳು.

ಆಕೆ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಸಲ?"

"ನಾಲ್ಕು."

ಜೀವಮಾನದಲ್ಲಿ ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

"ನಮ್ಮವ್ವಗ ಗೊತ್ತಿತ್ತೇನು?"

"ಗೊತ್ತಿತ್ತು. ಆಕಿ ಆಗ ಸಣ್ಣಾಕಿ. ಒಮ್ಮಿ ಮಾನ್ವಿಗಿ ಬಂದು ನನ್ನ ಜೋಡಿ ಹದಿನೈದು ದಿನ ಇದ್ಲು."

ಆಮೇಲೆ, "ಮೊದಲs ಹೇಳಿದ್ರ ಮೂರನೇದ್ದು ಮಾಡ್ಕೊತಿದ್ದಿಲ್ಲ ನಾ" ಅಂದಳು. ಮತ್ತೆ, "ಇಲ್ಲಾ ಮಾಡ್ಕೊತಿದ್ನೋ ಏನೋ. ಹೇಳಾಕ ಬರೂದಿಲ್ಲ" ಅಂದಳು.

ನಾನು ಇನ್ನೊಂದು ಮಾತಿಗೆ ಕಾಯುತ್ತಿದ್ದೆ. ಹಂಗಾದರ ನಿನ್ನ ಕೈಯಿಂದ ಆಗಿದ್ದಲ್ಲ ದೊಡ್ಡವ್ವ, ಅಂತ. ಅದಕ್ಕಾಗಿಯೇ ಇಷ್ಟೆಲ್ಲ ಹೇಳಿದೆನೋ ಅಂತ ಆಗಲೇ ನನಗೆ ಅನುಮಾನ ಬಂತು. ಆಕೆ ಅದನ್ನು ಹೇಳಲಿಲ್ಲ. ಅಂಥದ್ದೊಂದು ಲೆಕ್ಕ ನನ್ನ ತಲೆಯಲ್ಲಿ ನಡೆದಿದೆ ಅಂತ ಬಹುಶಃ ಆಕೆಗೆ ಹೊಳೆದೂ ಇರಲಿಲ್ಲ.

"ನಾಲ್ಕನೇದ್ದು ಆದಮ್ಯಾಲ ಏನ್ ಮಾಡಿದಿ?"

"ಇಲ್ಲಿಗಿ ಬಂದೆ. ಸಾಲಿಗಿ ಹೋದೆ."

"ಕಡಿಮಿ ಆತೇನು?"

ಹೂಂ ಅನ್ನಬಹುದಿತ್ತು. ಒಂದು ಸಲ ಸುಳ್ಳು ಹೇಳಿ ನೋಡಿದ್ದೆನಲ್ಲ. "ಇಲ್ಲ" ಅಂದೆ.

ಆಕೆ ಸರಿ ಉತ್ತರ ಕೇಳಿದ ಟೀಚರಿನ ಹಾಗೆ ತಲೆಯಾಡಿಸಿದಳು.

ಎರಡೂ ಪಕ್ಕೆಯ ಒಳಹೊಲಿಗೆ ಬಿಚ್ಚಿದೆ. ಒಳಗೆ ಮಡಚಿದ್ದ ಬಟ್ಟೆಗೆ ಬಿಸಿಲು ತಾಗಿರಲಿಲ್ಲ, ಅಂಗಡಿಯಿಂದ ತಂದ ದಿನದಷ್ಟೇ ಹಸಿರಾಗಿತ್ತು. ತೊಟ್ಟು ನೋಡಿದಳು. ಸರಿಯಾಯಿತು, ಆದರೆ ಎರಡೂ ಕಡೆ ಕಡುಹಸಿರಿನ ಪಟ್ಟೆ ಎದ್ದು ಕಾಣುತ್ತಿತ್ತು. "ಸೆರಗು ಬರತದ ಬಿಡು, ಯಾರಿಗಿ ಕಾಣತದ" ಅಂದಳು. ನಾಲ್ಕರ ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ತಿರುಗಿ, "ಅತ್ತೀಗಿ ನೀನs ಫೋನ್ ಮಾಡಿ ಹೇಳು. ನನ್ನ ಕೈಲೆ ಆಗೂದಿಲ್ಲ" ಅಂದಳು.

ಬಸ್ಸು ದೇವದುರ್ಗ ಮುಟ್ಟುವ ಮುಂಚೆ ಫೋನ್ ಮಾಡಿದೆ. ಇನ್ನು ಪ್ರಯತ್ನ ಇಲ್ಲವಂತೆ ಅಂದೆ. ಅವಳಿಗಿರುವುದು ನನಗೂ ಇತ್ತು, ನನಗೆ ಗೊತ್ತಾಗಿಯೂ ಹೇಳಲಿಲ್ಲ ಅಂತಲೂ ಹೇಳಿದೆ. ಆ ಕಡೆ ಅಂಗಡಿಯ ಸದ್ದು ಕೇಳುತ್ತಿತ್ತು, ಯಾರೋ ಹತ್ತಿಬೀಜ ಕೇಳುತ್ತಿದ್ದರು.

"ಕೇಳಾಕತ್ತೀರೇನ್ರಿ ಬೀಗ್ರ?" ಅಂದೆ.

"ಕೇಳಾಕತ್ತೀನ್ರಿ." ಆಮೇಲೆ, "ಆ ಕೂಸಿನ ಕೌದಿ ಮುಗದದ್ರಿ. ನಿನ್ನೀನs ಅಂಚು ಹೊಲದೆ. ಏನ್ ಮಾಡ್ಲಿ ಅದನ್ನ?" ಅಂದರು.

"ನನಗೂ ಗೊತ್ತಿಲ್ರಿ" ಅಂದೆ.